ಕೆಂಪು ಸಾಲು

ಅಚ್ಚಿಗೆ ಹೊಯ್ದ ಪ್ಲಾಸ್ಟರ್ ಗಟ್ಟಿಯಾಗುವುದಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟರೊಳಗೆ ಆತುರಪಟ್ಟು ಮುಟ್ಟಿದರೆ ಅಚ್ಚೂ ಹೋಯಿತು, ಪೇಷೆಂಟಿನ ಬಾಯಿ ಇನ್ನೊಂದು ಸಲ ತೆರೆಸಬೇಕಾಗಿ ಬಂದದ್ದಕ್ಕೆ ಡಾಕ್ಟರರ ಬೈಗುಳವೂ ಬಂತು. ಇಪ್ಪತ್ತೆರಡು ವರ್ಷದಿಂದ ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಂಡು ಬಂದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಲಿನಿಕ್ಕಿನ ಹಿಂದುಗಡೆ, ನೀರಿನ ಟ್ಯಾಂಕಿಗೆ ಮುಖ ಮಾಡಿದ ಒಂದೇ ಕಿಟಕಿಯ ಕೋಣೆಯಲ್ಲಿ ಅವನು ಕೂರುತ್ತಿದ್ದ. ಮುಂದುಗಡೆ ಡಾಕ್ಟರರು, ಕುರ್ಚಿ, ಬಿಳಿ ದೀಪ, ನರಳುವ ಜನ. ಹಿಂದುಗಡೆ ಇವನು, ಮೇಣ, ಸ್ಪಿರಿಟ್ ದೀಪ, ಡಬ್ಬಿಗಳಲ್ಲಿ ಬಣ್ಣದ ನಂಬರಿನ ಪ್ರಕಾರ ಜೋಡಿಸಿಟ್ಟ ಹಲ್ಲುಗಳು. ಯಾರ ಬಾಯನ್ನೂ ಅವನು ನೋಡಿದವನಲ್ಲ. ಅಚ್ಚು ಬರುತ್ತದೆ, ಚೀಟಿ ಬರುತ್ತದೆ, ಹಲ್ಲು ಹೋಗುತ್ತದೆ. ಸರಿ ಕೂತರೆ ಡಾಕ್ಟರರ ಕೈಗುಣ, ಕಚ್ಚಿದರೆ ಇವನ ತಪ್ಪು. ಪ್ಲಾಸ್ಟರ್ ಗಟ್ಟಿಯಾಗುವ ಆ ಮುಕ್ಕಾಲು ಮುಕ್ಕಾಲು ಗಂಟೆಗಳಲ್ಲಿ, ಮೇಜಿನ ಮೂಲೆಯ ಹಳೇ ಕಂಪ್ಯೂಟರಿನ ಮುಂದೆ, ಅವನು ಬೇರೊಬ್ಬ ಮನುಷ್ಯನಾಗಿ ಬೆಳೆದುಬಿಟ್ಟಿದ್ದ. ಆ ಮನುಷ್ಯನ ಹೆಸರು ದವಡೆ.

ಲಿನಕ್ಸ್ ಬಳಸುವವರು ಕೂಡಿ ಮಾಡಿಕೊಂಡ ಒಂದು ತಾಣ ಅದು. ಎಲ್ಲರೂ ಕಟ್ಟೆ ಎನ್ನುತ್ತಿದ್ದರು. ಬಿಟ್ಟಿ ಸಿಗುವ ಸಿಸ್ಟಮ್ಮು, ಕೆಟ್ಟರೆ ಫೋನು ಮಾಡಿ ಜಗಳವಾಡುವುದಕ್ಕೆ ಅದರ ಹಿಂದೆ ಕಂಪನಿ ಇಲ್ಲ. ಕೆಟ್ಟರೆ ಕಟ್ಟೆಗೆ ಬಂದು ಕೇಳಬೇಕು, ಗೊತ್ತಿದ್ದವರು ಹೇಳಬೇಕು, ಹೇಳಿಸಿಕೊಂಡವರು ನಾಳೆ ಇನ್ನೊಬ್ಬರಿಗೆ ಹೇಳಬೇಕು. ನಿಯಮ ಅಷ್ಟೇ. ಪಾಲಿಸುವವರು ಎಷ್ಟು ಜನ ಎಂದು ಕೇಳಬಾರದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಹೋದವರೇ ಹೆಚ್ಚು. ದವಡೆ ಮಾತ್ರ ಎಂಟು ವರ್ಷದಿಂದ ಅಲ್ಲೇ ಕೂತಿದ್ದ. ಪ್ರಿಂಟರು ಓಡುತ್ತಿಲ್ಲ, ಸೌಂಡು ಬರುತ್ತಿಲ್ಲ, ಪರದೆ ಕಪ್ಪಗಾಗಿದೆ ಎಂದು ಗೋಳಾಡಿಕೊಂಡು ಬಂದವರಿಗೆ, ಹತ್ತು ಸಲ ಕೇಳಿದ ಪ್ರಶ್ನೆಯನ್ನೇ ಹನ್ನೊಂದನೇ ಸಲ ಕೇಳಿದವರಿಗೆ, ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದ. ಹೆಂಡತಿಯ ಫೋನಿನಲ್ಲಿ ಸದ್ದು ಸರಿಯಾಗಿ ಕೇಳಿಸದೆ ಎರಡು ತಿಂಗಳಾಗಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವಳು ಅಂದಿದ್ದಳು. ಸಿಟ್ಟಿನಿಂದಲ್ಲ, ಹವಾಮಾನದ ಬಗ್ಗೆ ಹೇಳುವ ಹಾಗೆ. ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಊರಿಗೆ ಉಪಕಾರಿ ಎಂಬ ಅರ್ಧವನ್ನು ಮಾತ್ರ ಅವನು ಕಿವಿಗೆ ಹಾಕಿಕೊಂಡಿದ್ದ.

ಇವತ್ತು ಬೆಳಿಗ್ಗೆ ಕಟ್ಟೆ ಹೊಸ ಮನೆಗೆ ಬಂದಿತ್ತು. ಹಳೇ ಸರ್ವರು ಮುದಿಯಾಯಿತೆಂದು, ಯಜಮಾನ ಎಂದು ಎಲ್ಲರೂ ಕರೆಯುವ ಅದರ ಮಾಲೀಕ ಎಲ್ಲವನ್ನೂ ಹೊಸದಕ್ಕೆ ಎತ್ತಿ ಹಾಕಿದ್ದ. ಸಾಮಾನು ಅಲ್ಲಿ ಇಲ್ಲಿ ಆಗಿರಬಹುದು, ಕಂಡರೆ ತಿಳಿಸಿ ಎಂದು ನೋಟೀಸು ಹಾಕಿದ್ದ. ದವಡೆ ಒಳಗೆ ಬಂದು ನೋಡುತ್ತಾನೆ: ಎಂದಿನ ವಿಭಾಗಗಳ ಕೆಳಗೆ ಅವನು ಎಂದೂ ಕಾಣದ ಇನ್ನೊಂದು ಹೆಸರು. ಒಳಕೋಣೆ. ಕಟ್ಟೆ ಕಾಯುವವರೆಂದು ಐದು ಜನ ಇದ್ದರು. ಜಗಳ ಬಿಡಿಸುವುದು, ಕೊಳಕು ಮಾತು ಅಳಿಸುವುದು, ಮುಗಿದ ಚರ್ಚೆಗೆ ಬೀಗ ಹಾಕುವುದು ಅವರ ಕೆಲಸ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಜಾಗ ಒಂದಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಕಂಡವರು ಯಾರೂ ಇರಲಿಲ್ಲ. ಸಾಮಾನು ಸಾಗಿಸುವಾಗ ಆ ಕೋಣೆಗೆ ಬೀಗ ಹಾಕುವುದನ್ನು ಯಜಮಾನ ಮರೆತಿದ್ದ. ಇಂಥದಕ್ಕೂ ಕಟ್ಟೆಯಲ್ಲಿ ಒಂದು ನಡವಳಿಕೆ ಇತ್ತು. ತೆರೆದಿರಬಾರದ ಬಾಗಿಲು ತೆರೆದಿದ್ದರೆ ಹೊರಗೇ ನಿಂತು ಕೂಗಬೇಕು, ಒಳಗೆ ಇಣುಕಬಾರದು. ಹೊಸಬರಿಗೆ ಇದನ್ನು ಅವನೇ ಎಷ್ಟೋ ಸಲ ಬೋಧಿಸಿದ್ದ. ಯಜಮಾನನಿಗೆ ತಿಳಿಸಬೇಕಾದರೆ ಏನೇನು ಕಾಣುತ್ತಿದೆ ಎಂದು ಸರಿಯಾಗಿ ಹೇಳಬೇಕಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು, ಕೈಗೆ ಅಂಟಿದ ಪ್ಲಾಸ್ಟರನ್ನು ಪ್ಯಾಂಟಿಗೆ ಒರೆಸಿ, ಅವನು ಒಳಗೆ ಹೋದ. ಹೋಗಿ ಮೊದಲು ಮಾಡಿದ ಕೆಲಸ ತನ್ನ ಹೆಸರು ಹಾಕಿ ಹುಡುಕಿದ್ದು.

ನಲವತ್ತೊಂದು ಕಡೆ ಸಿಕ್ಕಿತು. ಎದೆ ಉಬ್ಬಿತು ಎಂದೇ ಹೇಳಬೇಕು. ಮೊದಲು ತೆರೆದದ್ದು ಎರಡು ವರ್ಷದ ಹಿಂದಿನದು: ದವಡೆಯನ್ನು ನಮ್ಮ ಜೊತೆ ಆರನೆಯವನಾಗಿ ಸೇರಿಸಿಕೊಳ್ಳೋಣವೇ ಎಂದು ಯಾರೋ ಕೇಳಿದ್ದರು. ಅದರ ಕೆಳಗೆ ಮಾವನ ಉತ್ತರವಿತ್ತು. ಮಾವ ಎಂದರೆ ಹಡಗಿನಲ್ಲಿ ವೈರ್‌ಲೆಸ್ ಆಪರೇಟರಾಗಿದ್ದು ರಿಟೈರಾದವರು, ಐವರಲ್ಲಿ ಹಿರಿಯರು. ಎಂಟು ವರ್ಷದ ಹಿಂದೆ ಇವನು ಮೊಟ್ಟಮೊದಲ ಪ್ರಶ್ನೆ ಕೇಳಿದಾಗ, ಬೇರೆಯವರೆಲ್ಲ ಮೊದಲು ಹುಡುಕಿ ನೋಡಿ ಕೇಳಯ್ಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾಗ, ಪಕ್ಕದಲ್ಲಿ ಕೂತು ಕೈಹಿಡಿದು ತಿದ್ದಿಸಿದ ಹಾಗೆ ಹೇಳಿಕೊಟ್ಟವರು ಅವರು. ಮಾವ ಎಂದು ಕರೆದವನು ಇವನೇ, ಅಳಿಯಾ ಎಂದು ತಮಾಷೆಗೆ ಶುರು ಮಾಡಿದವರು ಅವರು. ಮುಖ ನೋಡಿದ್ದಿಲ್ಲ, ಫೋನ್ ನಂಬರಿದ್ದೂ ಮಾತಾಡಿದ್ದಿಲ್ಲ. ಆದರೆ ಅಪ್ಪ ಸತ್ತಾಗ ಮೊದಲು ಹೇಳಿಕೊಂಡದ್ದು ಅವರಿಗೆ. ಆ ಮಾವ ಬರೆದಿದ್ದರು: 'ಬೇಡ. ಒಳ್ಳೆ ಎತ್ತು ಅವನು. ನೊಗ ಹೊರಲಿ, ಗಾಡಿ ಹೊಡಿಯೋಕೆ ಕೂರಿಸಬೇಡಿ.' ಕೆಳಗೆ ನಾಲ್ಕು ಜನ ನಕ್ಕಿದ್ದರು. ಅವನು ಅದನ್ನು ಎರಡು ಸಲ ಓದಿದ. ಮೂರನೇ ಸಲ ಓದುವಾಗ ತಾನೂ ಸ್ವಲ್ಪ ನಕ್ಕ. ನಗದಿದ್ದರೆ ಆ ನಾಲ್ಕು ಜನ ಗಮನಿಸುತ್ತಾರೇನೋ ಎಂಬಂತೆ.

ಮುಂದಿನದರಲ್ಲಿ ರೈಲು ಬಂತು. ಯಾವುದೋ ಪ್ರಯಾಣದಲ್ಲಿ ಎದುರು ಸೀಟಿನವರು ನೀವು ಏನು ಕೆಲಸ ಮಾಡ್ತೀರಿ ಎಂದದ್ದಕ್ಕೆ ಡೆಂಟಲ್ ಎಂದಷ್ಟೇ ಹೇಳಿದ್ದ. ಅವರು ತಕ್ಷಣ, ನೋಡಿ ಡಾಕ್ಟ್ರೇ, ಎಂದು ಬಾಯಿ ತೆರೆದೇಬಿಟ್ಟರು. ಅಲ್ಲ ಎನ್ನುವುದಕ್ಕೆ ಒಂದು ಕ್ಷಣವಿತ್ತು. ಆ ಕ್ಷಣವನ್ನು ಹೋಗಲು ಬಿಟ್ಟು ಅವನು ಬಗ್ಗಿ ನೋಡಿದ್ದ. ಬದುಕಿನಲ್ಲಿ ಮೊದಲ ಸಲ ಒಂದು ಜೀವಂತ ಬಾಯೊಳಗೆ ನೋಡಿದ್ದ, ಒಳಗಿನ ಬಿಸಿ ಮುಖಕ್ಕೆ ಬಡಿದಿತ್ತು. ಉಪ್ಪುನೀರು ಮುಕ್ಕಳಿಸಿ ಎಂದಿದ್ದ. ಇಳಿಯುವ ತನಕ ಅವರು ಡಾಕ್ಟ್ರೇ ಡಾಕ್ಟ್ರೇ ಎನ್ನುತ್ತಲೇ ಇದ್ದರು, ಇವನಿಗೆ ನಾಚಿಕೆಯ ಜೊತೆಗೆ ಹಿತವೂ ಆಗುತ್ತಿತ್ತು. ಅದನ್ನು ಒಂದು ದಿನ ಮನಸ್ಸು ತಡೆಯದೆ ಮಾವನಿಗೆ, ಅವರೊಬ್ಬರಿಗೇ, ಬರೆದಿದ್ದ. ಎಲ್ಲರೂ ಒಂದಲ್ಲ ಒಂದು ದಿನ ಹಾಗೆ ಮಾಡ್ತಾರೆ ಅಳಿಯಾ ಎಂದು ಅವರು ಉತ್ತರ ಬರೆದದ್ದನ್ನು ಓದಿ ಕಣ್ಣು ಒದ್ದೆಯಾಗಿತ್ತು. ಈಗ ಆ ಕಥೆ ಇಲ್ಲಿ, ಒಳಕೋಣೆಯಲ್ಲಿ, ಹಲ್ಲುನೋವಿನವರ ಮಾತಿನ ಅಣಕದ ಸಮೇತ ಇತ್ತು. ಅಲ್ಲಿಂದ ಮುಂದೆ ಎರಡು ವರ್ಷ ಅವನ ಹೆಸರು ಆ ಕೋಣೆಯಲ್ಲಿ ಡಾಕ್ಟರ್ ದವಡೆ.

ಬಾಗಿಲು ತಳ್ಳಿಕೊಂಡು ಕ್ಲಿನಿಕ್ಕಿನ ಸಿಸ್ಟರು ತಲೆ ಹಾಕಿದಳು. ಹನ್ನೆರಡಕ್ಕೆ ಪೇಷೆಂಟು ಟ್ರಯಲ್ಲಿಗೆ ಬರುತ್ತಾರೆ, ಮೇಲಿನ ಸೆಟ್ಟು ಆಗಿರುತ್ತದಲ್ಲ ಎಂದು ಕೇಳಿದಳು. ಆಗುತ್ತದೆ ಎಂದ. ಅವಳು ಪರದೆಯ ಕಡೆ ನೋಡಿದಳೋ ಇಲ್ಲವೋ, ಇವನ ಕೈ ತಾನಾಗಿಯೇ ಅದಕ್ಕೆ ಅಡ್ಡ ಹೋಯಿತು. ಅವಳು ಹೋದ ಮೇಲೆ ಮೇಣದ ಮೇಲೆ ಮುಂದಿನ ಆರು ಹಲ್ಲು ಕೂರಿಸತೊಡಗಿದ. ಕೋರೆಹಲ್ಲು ಕೂರಬೇಕಾದ ಜಾಗದಲ್ಲಿ ಪಕ್ಕದ ಹಲ್ಲು ಕೂತಿತು. ಕಿತ್ತು ಮತ್ತೆ ಇಟ್ಟ. ಒಬ್ಬ ಮನುಷ್ಯ ಎಂಟು ವರ್ಷ ಅಳಿಯಾ ಎನ್ನುತ್ತ, ಅದೇ ಬಾಯಲ್ಲಿ ಹೀಗೂ ಆಡಬಹುದೇ? ಆಡಬಹುದು ಎಂದು ಗೊತ್ತಿರುವ ವಯಸ್ಸೇ ಅವನದು. ತನಗೆ ಆಗುವುದಿಲ್ಲ ಎಂದುಕೊಂಡದ್ದು ಮಾತ್ರ ತಪ್ಪು. ನಂಬಿಸಿ ಕತ್ತು ಕುಯ್ದರು ಎಂದು ಗಟ್ಟಿಯಾಗಿ ಅಂದುಕೊಂಡ. ಆ ಮಾತಿನಲ್ಲಿ ಒಂದು ಸುಖವಿತ್ತು. ಮೋಸಹೋದವನು ಎಂಬುದು ಎಷ್ಟು ಶುಭ್ರವಾದ ಜಾಗ, ಅಲ್ಲಿ ಕೂತವನು ಏನೂ ಮಾಡಬೇಕಾಗಿಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇರಬೇಕು, ಎದ್ದು ಮತ್ತೆ ಪರದೆಯ ಮುಂದೆ ಹೋಗಿ, ಬೇಕಂತಲೇ ನೋಡದೆ ಬಿಟ್ಟಿದ್ದ ಒಂದು ಶೀರ್ಷಿಕೆಯನ್ನು ಒತ್ತಿದ. ಶೀರ್ಷಿಕೆ: ನೂಲುಂಡೆ ವಿಷಯ.

ನೂಲುಂಡೆ ಎಂಬ ಹೆಸರಿನಲ್ಲಿ ಮೂರು ವರ್ಷದ ಹಿಂದೆ ಒಬ್ಬ ಹೆಂಗಸು ಕಟ್ಟೆಗೆ ಬಂದಿದ್ದಳು. ಸ್ವೆಟರು ಹೆಣೆಯುವ ಕೆಲಸ. ಕಾಗದ ಬರೆಯುವ ಹಾಗೆ, ಎಲ್ಲರಿಗೂ ನಮಸ್ಕಾರ ಎಂದು ಶುರು ಮಾಡಿ ಕ್ಷೇಮ ಕೋರಿ ಮುಗಿಸುತ್ತಿದ್ದಳು. ಹಳೇ ಕಂಪ್ಯೂಟರು ಕುಂಟುತ್ತಿದೆ, ಅದಕ್ಕೆ ಲಿನಕ್ಸ್ ಹಾಕಬೇಕು, ಪೆನ್‌ಡ್ರೈವಿಗೆ ಹೇಗೆ ತುಂಬಿಕೊಳ್ಳಲಿ ಎಂದು ಕೇಳಿದ್ದಳು. ದವಡೆ ನೂರು ಜನಕ್ಕೆ ಹೇಳಿದ್ದನ್ನೇ ಹೇಳಿದ. ಚುಚ್ಚಿದ ಡಿಸ್ಕುಗಳಿಗೆಲ್ಲ ಕಂಪ್ಯೂಟರು ಎ, ಬಿ, ಸಿ ಎಂದು ಅಕ್ಷರ ಕೊಡುತ್ತದೆ; ತುಂಬುವ ಕಮಾಂಡಿನಲ್ಲಿ ಆ ಅಕ್ಷರ ತಪ್ಪಿದರೆ ಬೇರೆ ಡಿಸ್ಕು ಒರೆಸಿ ಗುಡಿಸಿದ ಹಾಗೆ ಖಾಲಿ. ಆದ್ದರಿಂದ ಈ ಕಮಾಂಡನ್ನು ಹೇಳುವವರು ಅದರ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬರೆಯಲೇಬೇಕು: ಮೊದಲು ಡಿಸ್ಕುಗಳ ಪಟ್ಟಿ ನೋಡಿ, ನಿಮ್ಮ ಪೆನ್‌ಡ್ರೈವು ಯಾವ ಅಕ್ಷರವೆಂದು ಖಾತ್ರಿ ಮಾಡಿಕೊಳ್ಳಿ, ತಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ. ಕೆಂಪು ಸಾಲು ಎಂದೇ ಅದಕ್ಕೆ ಹೆಸರು. ಅದಿಲ್ಲದೆ ಆ ಕಮಾಂಡು ಹೇಳಿದವನನ್ನು ಕಟ್ಟೆ ಕ್ಷಮಿಸುತ್ತಿರಲಿಲ್ಲ. ಇವನ ಕಂಪ್ಯೂಟರಿನಲ್ಲಿ ಪೆನ್‌ಡ್ರೈವು ಯಾವಾಗಲೂ ಬಿ. ಬಿ ಎಂದೇ ಬರೆದ. ಅವಳ ಕಂಪ್ಯೂಟರಿನಲ್ಲಿ ಅವತ್ತು ಬಿ ಎಂದು ಕೂತಿದ್ದದ್ದು ಇನ್ನೊಂದು ಡಿಸ್ಕು. ಗಂಟಲಿನ ಆಪರೇಷನ್ ಆಗಿ ಮಾತು ಶಾಶ್ವತವಾಗಿ ಹೋಗುವ ಮುಂಚೆ ಅವಳ ತಂಗಿ ಒಂದು ತಿಂಗಳು ಕೂತು ಮಾತಾಡಿ ತುಂಬಿಸಿದ ಡಿಸ್ಕು. ಹಾಡು, ಬೈಗುಳ, ಅಕ್ಕನನ್ನು ಊಟಕ್ಕೆ ಕರೆಯುವುದು, ಸುಮ್ಮನೆ ಒಂದರಿಂದ ನೂರರ ತನಕ ಎಣಿಸಿದ್ದು. 'ಅಣ್ಣ, ಆ ಡಿಸ್ಕಲ್ಲಿ ಏನೂ ಕಾಣಿಸ್ತಿಲ್ಲ, ಸ್ವಲ್ಪ ನೋಡಿ ಹೇಳ್ತೀರಾ' ಎಂದು ಅವಳು ಬರೆದಿದ್ದಳು.

ಅದರ ಮುಂದಿನದನ್ನು ಅವನು ಒಂದೇ ರೀತಿಯಲ್ಲಿ ನೆನಪಿಟ್ಟುಕೊಂಡಿದ್ದ. ಗಾಬರಿಯಾಗಿ ಒಂದು ದಿನ ಕಟ್ಟೆಯ ಕಡೆ ಹೋಗಲಿಲ್ಲ. ಮರುದಿನ ಹೋಗಿ ತನ್ನ ಉತ್ತರ ತೆಗೆದು ನೋಡಿದರೆ ಕೆಂಪು ಸಾಲು ಇತ್ತು, ಅದರ ಜಾಗದಲ್ಲಿ, ಕೆಂಪಗೆ. ಅಬ್ಬಾ ಎಂದುಕೊಂಡ. ಅಷ್ಟು ಹೊತ್ತಿಗೆ ಇಪ್ಪತ್ತು ಮೂವತ್ತು ಜನ ನೂಲುಂಡೆಗೆ ಅದೇ ಸಾಲನ್ನು ಎತ್ತಿ ತೋರಿಸಿದ್ದರು: ಕಣ್ಣಿಗೆ ರಾಚುವ ಹಾಗೆ ಬರೆದಿದ್ದಾರಲ್ಲ, ಓದದೆ ಮಾಡಿದರೆ ಯಾರೇನು ಮಾಡೋಕಾಗುತ್ತೆ, ಬಿಟ್ಟಿ ಸಹಾಯ ಮಾಡುವವರ ಮೇಲೆ ಗೂಬೆ ಕೂರಿಸಬೇಡಿ. ಕೊನೆಗೆ ಅವಳೇ ಎಲ್ಲರೆದುರು ಬರೆದಳು: 'ನನ್ನದೇ ತಪ್ಪು. ನಾನು ಸರಿಯಾಗಿ ಓದಲಿಲ್ಲ. ದವಡೆ ಅಣ್ಣ ಬೇಜಾರು ಮಾಡ್ಕೋಬೇಡಿ.' ಬೇಜಾರಿಲ್ಲ ಅಕ್ಕ ಎಂದು ಇವನು ಬರೆದ. ಹೌದು, ಅಷ್ಟನ್ನು ಬರೆದಿದ್ದ. ಮಾವ ಆ ಚರ್ಚೆಗೆ ಬೀಗ ಹಾಕಿದರು. ಅವಳು ಮತ್ತೆ ಏನನ್ನೂ ಕೇಳಲಿಲ್ಲ.

ಈಗ ಒಳಕೋಣೆಯಲ್ಲಿ ಮಾವನ ಬರಹ ಎದುರಿಗಿತ್ತು. 'ದವಡೆ ಕೆಂಪು ಸಾಲು ಹಾಕಿರಲಿಲ್ಲ. ಈಗ ನಾನು ಹಾಕಿದೀನಿ. ತಿದ್ದಿದ ಗುರುತು ಕಾಣದ ಹಾಗೆ ತೆಗೆದಿದೀನಿ. ಆಕೆ ಮತ್ತೆ ಬಂದರೆ ಸಾಲು ತೋರಿಸಿ. ಈ ಎತ್ತು ಮಲಗಿದರೆ ಹೊಸಬರ ಭಾರ ಎಳೆಯೋರು ಯಾರು?' ಸರಿ ಎಂದು ಉಳಿದ ನಾಲ್ವರೂ ಹೆಬ್ಬೆರಳು ಎತ್ತಿದ್ದರು.

ಅವನಿಗೆ ಮೊದಲು ಕೇಳಿಸಿದ್ದು ಸ್ಪಿರಿಟ್ ದೀಪದ ಸದ್ದು; ಅದು ಸದ್ದು ಮಾಡುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಆಮೇಲೆ ಸಿಟ್ಟು ಬಂತು, ಬಂದದ್ದು ನಿಜವಾದ ಸಿಟ್ಟೇ. ನನಗೆ ಗೊತ್ತಿಲ್ಲದ ಹಾಗೆ ನನ್ನ ಕೈಯಿಂದ ಕಳ್ಳತನ ಮಾಡಿಸಿದರಲ್ಲ. ನಾನು ಬರೆಯದ್ದನ್ನು ನನ್ನ ಹೆಸರಿನಲ್ಲಿ ಬರೆದು, ಮೂರು ವರ್ಷ ನನ್ನನ್ನು ಒಳ್ಳೆಯವನನ್ನಾಗಿ ಇಟ್ಟರಲ್ಲ, ದನ ಕಟ್ಟಿದ ಹಾಗೆ. ಫೋನು ತೆಗೆದು, ಎಂಟು ವರ್ಷದಲ್ಲಿ ಒಮ್ಮೆಯೂ ಒತ್ತದ ನಂಬರು ಒತ್ತಿದ.

ಮಾವನ ದನಿ ಅವನು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಯಾರು ಎಂದು ಹೇಳುವ ಮುಂಚೆಯೇ ಅಳಿಯಾ ಎಂದರು, ಕೆಮ್ಮಿದರು, ಸುಖವಾಗಿದೀಯಾ ಎಂದು ಕೇಳಿದರು. ಕೋಪದಲ್ಲಿ ಇದ್ದವನಿಗೂ ಸುಖವಾಗಿದೀನಿ ಎಂಬ ಮಾತೇ ಬಾಯಿಗೆ ಬಂತು. ಒಳಕೋಣೆ ತೆರೆದಿದೆ ಎಂದ. ಎತ್ತಿನ ವಿಷಯ, ರೈಲಿನ ವಿಷಯ ಎತ್ತಬೇಕೆಂದುಕೊಂಡದ್ದನ್ನು ಬಿಟ್ಟು, ನೂಲುಂಡೆಯ ಉತ್ತರಕ್ಕೆ ಆ ಸಾಲು ಯಾಕೆ ಹಾಕಿದಿರಿ, ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲವೇ ಎಂದು ಮಾತ್ರ ಕೇಳಿದ.

"ಅಳಿಯಾ, ನಾನು ನಿನ್ನ ಕೇಳಲಿಲ್ಲ, ನಿಜ," ಎಂದರು ಮಾವ. "ಕೇಳಿದ್ದು ನೀನು. ಅವತ್ತು ನನಗೆ ಏನು ಬರೆದಿದ್ದೆ, ತೆಗೆದು ನೋಡ್ಕೋ. ನೋಡಿ ಆಮೇಲೆ ಬೈಯೋದಿದ್ರೆ ಬೈಯಿ."

ಅವರ ದನಿಯಲ್ಲಿ ಗೆದ್ದ ಭಾವವಿರಲಿಲ್ಲ, ಬೇಸರ ಇತ್ತು, ಒಂಚೂರು ಕನಿಕರ ಕೂಡ. ಈ ಬಾಗಿಲಿನ ವಿಷಯ ಯಾರಿಗೂ ಹೇಳಬೇಡ, ಯಜಮಾನನಿಗೆ ಹೇಳಿ ಮುಚ್ಚಿಸುತ್ತೇನೆ ಎಂದು ಇಟ್ಟರು. ಇವನು ತನ್ನ ಖಾಸಗಿ ಪೆಟ್ಟಿಗೆಯಲ್ಲಿ ಹಿಂದೆ ಹಿಂದೆ ಹೋದ. ಹೊಸ ಮನೆಗೆ ಎಲ್ಲವೂ ಬಂದಿತ್ತು, ಒಂದು ಕಡ್ಡಿಯೂ ಬಿಟ್ಟುಹೋಗಿರಲಿಲ್ಲ. ಅವತ್ತಿನ ತಾರೀಕು. ತನ್ನದೇ ಮಾತು. 'ಮಾವ, ಕೆಂಪು ಸಾಲು ಹಾಕೋದು ಮರೆತುಬಿಟ್ಟೆ. ಐದು ವರ್ಷ ಕಷ್ಟಪಟ್ಟು ಉಳಿಸಿಕೊಂಡ ಹೆಸರು. ನಾನೇ ತಿದ್ದಿದರೆ ಗುರುತು ಬೀಳುತ್ತೆ. ನಿಮ್ಮ ಕೈಯಲ್ಲಿ ಏನಾದರೂ ಆಗುತ್ತಾ ನೋಡಿ.'

ಏನಾದರೂ ಎಂದು ಬರೆದಿದ್ದ. ಏನು ಎಂದು ಬರೆದಿರಲಿಲ್ಲ. ಬರೆದು, ಕಂಪ್ಯೂಟರು ಆರಿಸಿ, ಮನೆಗೆ ಹೋಗಿ, ಒಂದು ದಿನ ಆ ಕಡೆ ತಿರುಗಿ ನೋಡದೆ ಇದ್ದದ್ದು ಗಾಬರಿಯಿಂದಲ್ಲ. ಆಗಬೇಕಾದದ್ದು ಆಗಲು ಸಮಯ ಕೊಟ್ಟದ್ದು. ಮರುದಿನ ಸಾಲು ಕಂಡಾಗ ಅಬ್ಬಾ ಎಂದದ್ದೂ ಈಗ ನೆನಪಾಯಿತು, ಆ ಅಬ್ಬಾದ ದನಿಯ ಸಮೇತ. ಕಳೆದುಕೊಂಡದ್ದು ಸಿಕ್ಕಿದಾಗಿನ ಉದ್ಗಾರವಲ್ಲ ಅದು, ಕೇಳಿಕೊಂಡದ್ದು ಕೈಗೆ ಬಂದಾಗಿನದು. ಆಮೇಲೆ ಸಾಲನ್ನು ತಾನೇ ಬರೆದಿದ್ದೆ ಎಂದು ನಂಬುವುದಕ್ಕೆ ಎಷ್ಟು ದಿನ ಹಿಡಿಯಿತು? ಒಂದು ವಾರ? ಅಷ್ಟೂ ಇಲ್ಲ. ಮನುಷ್ಯ ತನ್ನ ಪರವಾಗಿ ಎಷ್ಟು ಬೇಗ ಸಾಕ್ಷಿ ಹೇಳಿಬಿಡುತ್ತಾನೆ. ಬೆಳಿಗ್ಗೆಯಿಂದ ಕೂತಿದ್ದ ಶುಭ್ರವಾದ ಜಾಗವನ್ನು ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗಾಯಿತು. ಮಾವ ಮೋಸ ಮಾಡಿದ್ದು ಸುಳ್ಳಲ್ಲ, ನಕ್ಕದ್ದು ಸುಳ್ಳಲ್ಲ. ಆದರೆ ಈ ಒಂದರಲ್ಲಿ ಅವರು ಇವನು ಹೇಳಿದ ಕೆಲಸ ಮಾಡಿಕೊಟ್ಟವರು, ಅಷ್ಟೇ. ಅವರನ್ನು ದ್ವೇಷಿಸುವುದಕ್ಕೂ ಪೂರ್ತಿ ಹಕ್ಕು ಉಳಿಯಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು.

ಹನ್ನೆರಡು ಹೊಡೆಯಿತು. ಸಿಸ್ಟರು ಬಂದು ಸೆಟ್ಟು ತೆಗೆದುಕೊಂಡು ಹೋದಳು. ಐದು ನಿಮಿಷಕ್ಕೆ ಡಾಕ್ಟರರೇ ಅದನ್ನು ಹಿಡಿದುಕೊಂಡು ಬಂದರು. ಎಡಗಡೆ ಕೋರೆಹಲ್ಲು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದ. ಇಷ್ಟು ವರ್ಷದಲ್ಲಿ ಹೀಗೆ ಮಾಡಿದವರಲ್ಲ, ಹುಷಾರಿದೀರಿ ತಾನೆ ಎಂದು ಅವರು ಕೇಳಿದ್ದು ಮೃದುವಾಗಿಯೇ. ಬೈದಿದ್ದರೆ ಒಳ್ಳೆಯದಿತ್ತು. ಸಾರಿ ಡಾಕ್ಟ್ರೇ ಎಂದು ಎರಡನ್ನೂ ಅದಲು ಬದಲು ಮಾಡಿ ಕೊಟ್ಟು, ಬಾಗಿಲು ಮುಚ್ಚಿ, ನೂಲುಂಡೆಗೆ ಬರೆಯಲು ಕೂತ. ಕ್ಷಮೆ ಕೇಳುವುದು ಅಷ್ಟು ಕಷ್ಟವಾಗಲಿಲ್ಲ. ಖಾಸಗಿ ಪೆಟ್ಟಿಗೆಯಲ್ಲಿ, ಇಬ್ಬರೇ ಓದುವ ಜಾಗದಲ್ಲಿ ಬರೆದ: ಅಕ್ಕ, ನೀವು ಕೇಳಿದ ದಿನ ಆ ಸಾಲು ಅಲ್ಲಿರಲಿಲ್ಲ, ಆಮೇಲೆ ಸೇರಿಸಿದ್ದು. ತಪ್ಪು ನಿಮ್ಮದಲ್ಲ, ನನ್ನದು. ಮೂರು ವರ್ಷ ಕಟ್ಟೆಗೆ ಬಾರದವಳು, ಇದನ್ನು ಓದುತ್ತಾಳೆಂದು ಅವನೇನೂ ನಂಬಿರಲಿಲ್ಲ. ಓದುವುದಿಲ್ಲ ಎಂಬ ಧೈರ್ಯವೂ ಆ ಸಲೀಸಿನಲ್ಲಿ ಸೇರಿತ್ತೋ ಏನೋ. ಖಾಸಗಿ ಪೆಟ್ಟಿಗೆಗೆ ಏನಾದರೂ ಬಿದ್ದರೆ ಕಟ್ಟೆಯಿಂದ ಮೇಲ್ ಹೋಗುತ್ತದೆ ಎಂಬುದು ಅವನಿಗೆ ನೆನಪಿರಲಿಲ್ಲ. ಅರ್ಧ ಗಂಟೆಯೊಳಗೆ ಅವಳ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಬಂತು. ಇನ್ನರ್ಧ ಗಂಟೆಗೆ ಉತ್ತರ. ಎಂದಿನ ಹಾಗೆ ನಮಸ್ಕಾರದಿಂದ ಶುರುವಾಗಿತ್ತು.

'ನಮಸ್ಕಾರ. ನನಗೆ ಗೊತ್ತಿತ್ತು ಅಣ್ಣ. ಕಂಪ್ಯೂಟರ್ ಆರಿಸಿದ ಮೇಲೆ ನಿಮ್ಮ ಉತ್ತರ ಕಾಣಲ್ಲ ಅಲ್ವಾ, ಅದಕ್ಕೆ ಪೂರ್ತಿ ಪುಸ್ತಕಕ್ಕೆ ಬರ್ಕೊಂಡಿದ್ದೆ. ನಾನು ಹೆಣೆಯೋಳು, ಸಾಲು ಎಣಿಸದೆ ನನಗೆ ಏನೂ ಮಾಡೋಕೆ ಬರಲ್ಲ. ಹನ್ನೊಂದು ಸಾಲಿತ್ತು. ಎರಡು ದಿನ ಬಿಟ್ಟು ನೋಡಿದ್ರೆ ಹನ್ನೆರಡು. ಅಷ್ಟು ಜನ ಒಟ್ಟಿಗೆ ಹೇಳ್ತಿದ್ರು, ನನ್ನ ಪುಸ್ತಕ ಯಾರು ನಂಬ್ತಾರೆ ಅಂತ ನಾನೇ ತಪ್ಪು ಒಪ್ಕೊಂಡೆ. ನೀವು ಒಬ್ಬರು ಹೇಳ್ತೀರಿ ಅಂದ್ಕೊಂಡಿದ್ದೆ. ಸ್ವಲ್ಪ ದಿನ ಬಂದು ಬಂದು ನೋಡ್ತಿದ್ದೆ. ಆಮೇಲೆ ಬಿಟ್ಟೆ. ತಂಗಿಗೆ ಇನ್ನೂ ಹೇಳಿಲ್ಲ. ನನ್ನ ದನಿ ಕೇಳಿಸು ಅಂತ ಸ್ಲೇಟಲ್ಲಿ ಬರೆದು ತೋರಿಸ್ತಾಳೆ. ಡಿಸ್ಕು ಕೆಟ್ಟಿದೆ, ರಿಪೇರಿಗೆ ಕೊಟ್ಟಿದೀನಿ, ಮಾಡೋರು ಒಳ್ಳೆಯವರು ಅಂತ ಹೇಳಿದೀನಿ. ಮೂರು ವರ್ಷದಿಂದ ರಿಪೇರಿಯಲ್ಲೇ ಇದೆ. ಇನ್ನೊಂದು ಮಾತು. ನಾನು ತಪ್ಪು ಒಪ್ಕೊಂಡಿದ್ದು ಎಲ್ಲರ ಮುಂದೆ. ನೀವು ಒಪ್ಕೋತಿರೋದು ಬಾಗಿಲು ಹಾಕ್ಕೊಂಡು. ಕಟ್ಟೆ ಮೇಲೆ ಹೇಳಿ ಅಣ್ಣ. ಅದನ್ನ ಅವಳಿಗೆ ಓದೋಕೆ ಕೊಡ್ತೀನಿ. ಎಲ್ಲರಿಗೂ ಒಳ್ಳೇದಾಗಲಿ.'

ಓದಿ ಮುಗಿಸಿ ಅವನು ಕಿಟಕಿಯ ಹೊರಗೆ ನೀರಿನ ಟ್ಯಾಂಕನ್ನು ನೋಡುತ್ತ ನಿಂತ. ಅದರ ಮೈಮೇಲೆ ಪಾಚಿ ಕಟ್ಟಿದ ಒಂದು ಗೆರೆ ಇತ್ತು, ತುಂಬಿದಾಗ ಚೆಲ್ಲುವ ಜಾಗ. ಸ್ವಲ್ಪ ದಿನ ಬಂದು ಬಂದು ನೋಡುತ್ತಿದ್ದಳಂತೆ. ಆ ದಿನಗಳಲ್ಲಿ ಅವನು ಅಲ್ಲೇ ಇದ್ದ, ಯಾರದೋ ಪ್ರಿಂಟರು ಸರಿಮಾಡುತ್ತ, ಥ್ಯಾಂಕ್ಸು ಎಣಿಸುತ್ತ. ಹೇಳಿದರೆ ಎಂಟು ವರ್ಷದ ಹೆಸರು ಹೋಗುತ್ತದೆ. ಅದು ಹೋದರೆ ಈ ಕೋಣೆಯಲ್ಲಿ ಏನು ಉಳಿಯುತ್ತದೆ? ಮೇಣ, ಹಲ್ಲು, ಚೀಟಿ. ಹೇಳದಿದ್ದರೆ ಅಲ್ಲೊಬ್ಬಳು ಸ್ಲೇಟಿನಲ್ಲಿ ಬರೆಯುತ್ತಲೇ ಇರುತ್ತಾಳೆ. ಬಹಳ ಹೊತ್ತು ತೂಗಿದ ಎಂದು ಹೇಳಿದರೆ ಅವನಿಗೆ ಗೌರವ, ಆದರೆ ನಿಜವಲ್ಲ. ಹೆದರಿಕೆ ಮುಗಿಯುವುದನ್ನು ಕಾಯುತ್ತಿದ್ದ, ಅದು ಮುಗಿಯಲಿಲ್ಲ, ಹೆದರಿಕೆಯ ಜೊತೆಗೇ ಕೂತು ಕಟ್ಟೆಯ ಮೇಲೆ ಹೊಸ ಚರ್ಚೆ ತೆರೆದ. ಏನಾಯಿತೆಂದು ಆರು ಮಾತಿನಲ್ಲಿ ಬರೆದ. ಕಳಿಸುವ ಮುಂಚೆ ಓದಿದರೆ, ಆ ಸಾಲನ್ನು ಮಾವ ಸೇರಿಸಿದರು ಎಂದು ಬರೆದಿದ್ದ. ನಿಜವೇ, ಆದರೂ ಅದನ್ನು ಅಳಿಸಿ, ನಾನೇ ಕೇಳಿ ಹಾಕಿಸಿಕೊಂಡೆ ಎಂದು ತಿದ್ದಿದ. ನೂಲುಂಡೆ ಅಕ್ಕನನ್ನು ಅವತ್ತು ನಾವೆಲ್ಲ ತಪ್ಪಿತಸ್ಥರನ್ನಾಗಿ ಮಾಡಿದೆವು, ಅವರು ಒಂದು ಸಾಲನ್ನೂ ಬಿಡದೆ ಓದಿದ್ದರು ಎಂದು ಕೊನೆಗೆ ಸೇರಿಸಿ, ಕಳಿಸಿದ. ಕಳಿಸಿದ ಮೇಲೂ ಹೆದರಿಕೆ ಹೋಗಲಿಲ್ಲ. ಹಗುರವಾದದ್ದು ಮಾತ್ರ ಹೌದು.

ನೂಲುಂಡೆಯ ಹೆಸರಿನ ಪಕ್ಕದ ಚುಕ್ಕೆ ಹಸಿರಾಗಿಯೇ ಇತ್ತು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತ. ಮೊದಲು ಬಂದವನು, ಹೋದ ತಿಂಗಳಷ್ಟೇ ಇವನಿಂದ ಸೌಂಡು ಸರಿ ಮಾಡಿಸಿಕೊಂಡಿದ್ದ ಒಬ್ಬ ಹೊಸಬ. ಇರಲಿ ಬಿಡಿ ಅಣ್ಣ, ಸಾವಿರ ಜನಕ್ಕೆ ಸಹಾಯ ಮಾಡಿದೀರಿ, ಒಂದು ಸಾಲಿಗೆ ಯಾಕಿಷ್ಟು ಎಂದು ಬರೆದ. ಎರಡನೆಯವರು, ಬ್ಯಾಕಪ್ ಇಟ್ಟುಕೊಳ್ಳದೆ ಇದ್ದದ್ದು ಅವರ ತಪ್ಪೇ ತಾನೆ ಎಂದರು. ಮೂರು, ನಾಲ್ಕು, ಒಂಬತ್ತು. ಗುಂಪಿನಲ್ಲಿ ಗೋವಿಂದ ಎಂಬಂತೆ ಎಲ್ಲರೂ ಅದನ್ನೇ ಹಾಡಿದರು. ಅಲ್ಲ, ನಿಲ್ಲಿಸಿ, ನೀವು ಓದಿದ್ದು ಸರಿಯಾಗಿಲ್ಲ ಎಂದು ಅವನು ಬರೆಯುತ್ತಿರುವಾಗಲೇ ಮಾವನ ಹೆಸರು ಬಂತು.

'ನಮ್ಮ ಅಳಿಯನ ಮನಸ್ಸು ದೊಡ್ಡದು. ಒಬ್ಬ ಹೆಣ್ಣುಮಗಳ ದುಃಖ ನೋಡಲಾರದೆ ತನ್ನದಲ್ಲದ ತಪ್ಪನ್ನೂ ಮೈಮೇಲೆ ಹಾಕಿಕೊಂಡಿದ್ದಾನೆ. ಕಟ್ಟೆಗೆ ಬೇಕಾದದ್ದು ಇಂಥವರು. ಇವತ್ತಿನಿಂದ ಅವನು ನಮ್ಮ ಜೊತೆ ಆರನೆಯವನು. ಈ ವಿಷಯ ಇಲ್ಲಿಗೆ ಮುಗೀತು.'

ಕೆಳಗೆ ಚಪ್ಪಾಳೆಯ ಗುರುತುಗಳು ಏರತೊಡಗಿದವು, ಇಪ್ಪತ್ತು, ಮೂವತ್ತೈದು. ಚರ್ಚೆಗೆ ಬೀಗ ಬಿದ್ದಿತ್ತು. ಉತ್ತರ ಬರೆಯುವ ಜಾಗ ಎಲ್ಲರಿಗೂ ಮುಚ್ಚಿತ್ತು, ನೂಲುಂಡೆಗೂ. ಅವನಿಗೆ ಮಾತ್ರ ಅದು ತೆರೆದೇ ಇತ್ತು, ಆರನೆಯವನಲ್ಲವೇ. ಒಳಕೋಣೆಯಿಂದ ಬಾ ಡಾಕ್ಟರೇ, ಒಳಗೆ ಬಾ ಎಂದು ಯಾರೋ ಸ್ವಾಗತ ಕೋರಿದ್ದು ಪಕ್ಕದಲ್ಲಿ ಕಂಡಿತು. ಬೀಗ ಬಿದ್ದ ಚರ್ಚೆಯ ಕೆಳಗೆ ಬರೆಯಲು ಬೆರಳಿಟ್ಟ. ಮಾವ ಹೇಳಿದ್ದು ಸುಳ್ಳು ಎಂದು ಬರೆದರೆ ಅದೂ ಮನಸ್ಸು ದೊಡ್ಡದಾದ್ದಕ್ಕೇ ಎಂದು ಇವರು ಓದುತ್ತಾರೆ. ತಾನು ಎಂಟು ವರ್ಷದಿಂದ ಬೆವರು ಸುರಿಸಿ ಗಳಿಸಿದ ಹೆಸರು ಈಗ ತನ್ನ ಮಾತನ್ನೇ ಕೇಳುತ್ತಿಲ್ಲ. ಆದರೂ ಬರೆದ, ಸುಳ್ಳು ಎಂದೇ ಬರೆದ. ಅದಕ್ಕೂ ಎರಡು ಚಪ್ಪಾಳೆ ಬಿತ್ತು. ಅವನು ನೂಲುಂಡೆಯ ಹೆಸರು ಹುಡುಕಿದ. ಹಸಿರು ಚುಕ್ಕೆ ಆರಿಹೋಗಿತ್ತು. ಎಷ್ಟರ ತನಕ ಓದಿ ಎದ್ದು ಹೋದಳೋ, ತಂಗಿಗೆ ಓದಲು ಕೊಟ್ಟಳೋ, ಅದು ಕಟ್ಟೆಯಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.